ಹಳೇಬೀಡಿನ ಆನೆಗಳು ಹಿಂದಕ್ಕೆ ನಡೆದಾಗ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲಿದೆ. ಅದರ ಮೇಲೆ ಸಿಂಹಗಳು, ಸಿಂಹಗಳ ಮೇಲೆ ಬಳ್ಳಿ, ಬಳ್ಳಿಯ ಮೇಲೆ ಕುದುರೆ ಸವಾರರು, ಮತ್ತೊಂದು ಬಳ್ಳಿ, ಆಮೇಲೆ ರಾಮಾಯಣ ಮಹಾಭಾರತದ ಪ್ರಸಂಗಗಳು, ಮಕರ, ಹಂಸ. 1121ರ ಹೊತ್ತಿಗೆ ಶುರುವಾದ ಈ ಕೆಲಸದ ಮುಂದೆ ಈಗ ಬಂದು ನಿಂತವರಲ್ಲಿ ಹೆಚ್ಚಿನವರು ಮಾಡುವುದು ಒಂದೇ: ಮೊಬೈಲ್ ಎತ್ತಿ ಎಡದಿಂದ ಬಲಕ್ಕೆ ಸರ್ರನೆ ಒಂದು ವಿಡಿಯೊ. ಮನೆಗೆ ಹೋಗಿ ಅದನ್ನು ಟಿ.ವಿ.ಯಲ್ಲಿ ಹಾಕಿದರೆ ಆನೆಗಳು ಸರಾಗವಾಗಿ ಸಾಗುವುದಿಲ್ಲ, ಕುಪ್ಪಳಿಸುತ್ತವೆ. ಫೋನನ್ನು ತೀರಾ ಜೋರಾಗಿ ತಿರುಗಿಸಿದ್ದರಂತೂ ಇಡೀ ಸಾಲು ಹಿಂದಕ್ಕೆ ಸರಿಯುವ ಹಾಗೆ ಕಾಣುವುದೂ ಉಂಟು.

ಫೋನ್ ಕೆಟ್ಟಿಲ್ಲ, ನೆಟ್‌ವರ್ಕ್ ಕೈಕೊಟ್ಟಿಲ್ಲ. ಲೆಕ್ಕ ಹಾಗಿದೆ, ಅಷ್ಟೆ. ಸಾಮಾನ್ಯ ಮೊಬೈಲು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಒಂದೊಂದು ಚಿತ್ರವೂ ಒಂದು ಫ್ರೇಮ್. ಪರದೆಯ ಅಗಲದಲ್ಲಿ ಒಂದು ಹೊತ್ತಿಗೆ 10 ಆನೆ ಕಾಣುತ್ತವೆ ಎಂದಿಟ್ಟುಕೊಳ್ಳಿ. ಅಷ್ಟು ಅಗಲವನ್ನು 2 ಸೆಕೆಂಡಿನಲ್ಲಿ ದಾಟುವಂತೆ ಫೋನ್ ತಿರುಗಿಸಿದರೆ 60 ಫ್ರೇಮ್ ಸಿಗುತ್ತವೆ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಆನೆ ತನ್ನ ಜಾಗದ ಆರನೇ ಒಂದು ಭಾಗ ಸರಿದಿರುತ್ತದೆ. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದು 32 ಪಿಕ್ಸೆಲ್‌ಗಳ ಜಿಗಿತ. ಇದು ಕಣ್ಣಿಗೆ ಕುಲುಕಾಟವಾಗಿ ತಟ್ಟುತ್ತದೆ. ಇನ್ನೂ ಜೋರಾಗಿ, ಒಂದು ಸೆಕೆಂಡಿನ ಮೂರನೇ ಎರಡು ಭಾಗದಲ್ಲೇ ಪರದೆ ದಾಟಿಸಿದರೆ, ಪ್ರತಿ ಫ್ರೇಮಿಗೂ ಅರ್ಧ ಆನೆಯಷ್ಟು ಜಿಗಿತ. ಆಗ ಇದು ಮುಂದೆ ಹೋದ ಹಳೆಯ ಆನೆಯೋ ಹಿಂದಿನಿಂದ ಬಂದ ಇನ್ನೊಂದೋ ಎಂದು ಹೇಳಲು ಮಿದುಳಿಗೆ ಆಧಾರವೇ ಇಲ್ಲ. ಅರ್ಧ ದಾಟಿತೆಂದರೆ ಅದು ಹತ್ತಿರದ ಆನೆಯನ್ನೇ ಹಿಡಿದು ಜೋಡಿಸುತ್ತದೆ, ಸಾಲು ಹಿಮ್ಮುಖವಾಗಿ ಹೊರಡುತ್ತದೆ. ಸಿನಿಮಾದಲ್ಲಿ ಓಡುವ ಜಟಕಾ ಗಾಡಿಯ ಚಕ್ರ ಉಲ್ಟಾ ತಿರುಗುವಂತೆ ಕಾಣುವುದೂ ಇದೇ ಕಾರಣಕ್ಕೆ. ಒಂದಾನೆಯಂತೆ ಇನ್ನೊಂದಿಲ್ಲ ಎಂದು ಗೈಡ್‌ಗಳು ಹೇಳುತ್ತಾರೆ. ಆದರೆ ಅಂಗೈಯಗಲದ ಪರದೆಯಲ್ಲಿ, ಅದೂ ಓಡುವ ಚಿತ್ರದಲ್ಲಿ, ಸೊಂಡಿಲಿನ ವ್ಯತ್ಯಾಸ ಗುರುತಿಸುವಷ್ಟು ಪುರುಸೊತ್ತು ಕಣ್ಣಿಗಿಲ್ಲ.

ಹಳೇಬೀಡಿನ ಮಧ್ಯಾಹ್ನದ ಬಿಸಿಲು ಇದನ್ನು ಇನ್ನಷ್ಟು ಹದಗೆಡಿಸುತ್ತದೆ. ಬೆಳಕು ಧಾರಾಳವಾಗಿದ್ದಾಗ ಕ್ಯಾಮೆರಾ ತನ್ನ ಕಣ್ಣನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ತೆರೆದು ಮುಚ್ಚಿಬಿಡುತ್ತದೆ. ಒಂದೊಂದು ಫ್ರೇಮೂ ಚಾಕುವಿನಲ್ಲಿ ಕತ್ತರಿಸಿದಷ್ಟು ಸ್ಪಷ್ಟ. ಆದರೆ ಎರಡು ಫ್ರೇಮುಗಳ ನಡುವೆ ಆದದ್ದಕ್ಕೆ ಸಾಕ್ಷಿಯೇ ಇಲ್ಲ. ಸಿನಿಮಾ ಛಾಯಾಗ್ರಾಹಕರು ಫ್ರೇಮಿನ ಅವಧಿಯ ಅರ್ಧದಷ್ಟು ಹೊತ್ತು, ಅಂದರೆ 24 ಫ್ರೇಮಿನ ಚಿತ್ರಕ್ಕೆ 48ರಲ್ಲೊಂದು ಸೆಕೆಂಡು, ಷಟರ್ ತೆರೆದಿಡುತ್ತಾರೆ. ಓಡುವ ವಸ್ತು ಆ ಅವಧಿಯಲ್ಲಿ ಸ್ವಲ್ಪ ಮಸುಕಾಗಿ ಮೂಡುತ್ತದೆ, ಆ ಮಸುಕೇ ಒಂದು ಫ್ರೇಮನ್ನು ಮುಂದಿನದಕ್ಕೆ ಹೊಂದಿಸುತ್ತದೆ. ಬಿಸಿಲಲ್ಲೂ ಷಟರನ್ನು ಅಷ್ಟು ಹೊತ್ತು ತೆರೆದಿಡಲೆಂದೇ ಅವರು ಲೆನ್ಸಿನ ಮುಂದೆ ಕಪ್ಪು ಫಿಲ್ಟರ್ ಹಾಕುವುದು. ಒಂದು ವಸ್ತು ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು 7 ಸೆಕೆಂಡಾದರೂ ಇರಲಿ ಎಂಬ ಹಳೆಯ ರೂಢಿಯೂ ಅವರಲ್ಲಿದೆ. ಹೊಯ್ಸಳೇಶ್ವರದ ಮುಂದೆ 7 ಸೆಕೆಂಡು ಕೈ ಅಲುಗಾಡಿಸದೆ ನಿಲ್ಲುವ ತಾಳ್ಮೆ ಎಷ್ಟು ಜನಕ್ಕಿದೆ ಎನ್ನುವುದು ಬೇರೆ ಮಾತು.

ತೆಗೆದದ್ದೆಷ್ಟು, ತೋರಿಸಿದ್ದೆಷ್ಟು

ಇಲ್ಲಿ ಎರಡು ಸಂಖ್ಯೆಗಳು ಸದಾ ಒಂದರಲ್ಲೊಂದು ಕಲಸಿಹೋಗುತ್ತವೆ. ಕ್ಯಾಮೆರಾ ಸೆಕೆಂಡಿಗೆ ಎಷ್ಟು ಚಿತ್ರ ತೆಗೆಯಿತು ಎಂಬುದು ಫ್ರೇಮ್ ರೇಟ್. ಪರದೆ ತನ್ನನ್ನು ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಬರೆದುಕೊಳ್ಳುತ್ತದೆ ಎಂಬುದು ರಿಫ್ರೆಶ್ ರೇಟ್. ಅದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ. ಮೊಬೈಲ್ ಅಂಗಡಿಯಲ್ಲಿ ‘120 ಹರ್ಟ್ಜ್ ಸಾರ್, ವಿಡಿಯೊ ಬೆಣ್ಣೆ ಹಾಗೆ ಬರುತ್ತೆ’ ಎಂದರೆ ಅರ್ಧ ಮಾತ್ರ ನಿಜ. ಪುಟವನ್ನು ಬೆರಳಲ್ಲಿ ಸರಿಸುವಾಗ, ಆಟ ಆಡುವಾಗ ಫೋನೇ ಸೆಕೆಂಡಿಗೆ 120 ಹೊಸ ಚಿತ್ರ ಬರೆಯಬಲ್ಲದು, ಅಲ್ಲಿ ಲಾಭವಿದೆ. 30 ಫ್ರೇಮಿನಲ್ಲಿ ತೆಗೆದ ಆನೆಗಳ ವಿಡಿಯೊ 120 ಹರ್ಟ್ಜ್ ಪರದೆಯಲ್ಲೂ 30 ಫ್ರೇಮಿನದೇ. ಒಂದೇ ಚಿತ್ರವನ್ನು ಪರದೆ ನಾಲ್ಕು ಸಲ ತೋರಿಸುತ್ತದೆ, ಅಷ್ಟೆ.

ಆದರೂ 120ಕ್ಕೆ ಒಂದು ನಿಜವಾದ ಗುಣವಿದೆ, ಅದು ಭಾಗಾಕಾರದ ಗುಣ. 24 ಫ್ರೇಮಿನ ಸಿನಿಮಾವನ್ನು 60 ಹರ್ಟ್ಜ್ ಪರದೆಗೆ ಹಾಕಿದರೆ 60 ಭಾಗಿಸು 24, ಎರಡೂವರೆ. ಅರ್ಧ ಸಲ ತೋರಿಸಲಾಗದು. ಹಾಗಾಗಿ ಒಂದು ಫ್ರೇಮ್ 3 ಸಲ, ಮುಂದಿನದು 2 ಸಲ, ಮತ್ತೆ 3, ಮತ್ತೆ 2. ಒಂದು ಚಿತ್ರ 50 ಮಿಲಿಸೆಕೆಂಡ್ ನಿಂತರೆ ಪಕ್ಕದ್ದು 33. ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಬರಿಗಾಲಲ್ಲಿ ಬಿಟ್ಟು ನಡೆದವನ ಹಾಗೆ ಚಿತ್ರ ಕುಂಟುತ್ತದೆ. 120 ಹರ್ಟ್ಜ್‌ನಲ್ಲಿ 24ರ ಪ್ರತಿ ಫ್ರೇಮೂ ಸರಿಯಾಗಿ 5 ಸಲ, 30ರದ್ದು 4, 60ರದ್ದು 2. ಕುಂಟು ಇಲ್ಲ.

ನಮ್ಮ ದೇಶದ ತಕರಾರು ಇಲ್ಲಿಂದ ಮುಂದೆ ಶುರುವಾಗುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು. ಟಿ.ವಿ. ಬಂದ ಕಾಲದಲ್ಲಿ ಪ್ರಸಾರದ ಲೆಕ್ಕವನ್ನು ವಿದ್ಯುತ್ತಿಗೆ ಹೊಂದಿಸಿದ್ದರಿಂದ ಯುರೋಪಿನಂತೆ ನಮ್ಮಲ್ಲೂ 25 ಫ್ರೇಮ್ ನಿಂತಿತು. 60 ಹರ್ಟ್ಜ್ ವಿದ್ಯುತ್ತಿನ ಅಮೆರಿಕದಲ್ಲಿ 30 ಆಯಿತು. ಫೋನುಗಳ, ಲ್ಯಾಪ್‌ಟಾಪ್‌ಗಳ ಪರದೆಗಳು ಜಗತ್ತಿನಾದ್ಯಂತ ಆ 60ರ ಸಂತಾನಗಳು. ಆದ್ದರಿಂದ ನಮ್ಮ ಧಾರಾವಾಹಿಯ 25 ಫ್ರೇಮುಗಳನ್ನು 60 ಹರ್ಟ್ಜ್ ಫೋನಿನಲ್ಲಿ ನೋಡುವಾಗ 2, 3, 2, 3, 2 ಎಂದು ಹಂಚಬೇಕಾಗುತ್ತದೆ. ಐದು ಫ್ರೇಮಿಗೆ ಹನ್ನೆರಡು ಸಲ. 120ಕ್ಕೆ ಹೋದರೂ 25 ಪೂರ್ತಿ ಭಾಗವಾಗದು, 5, 5, 5, 5, 4 ಎಂದಾಗುತ್ತದೆ. ಆದರೆ ಆ ಕುಂಟು ಚಿಕ್ಕದು. ಬಹುಪಾಲು ಜನಕ್ಕೆ ತಿಳಿಯುವುದಿಲ್ಲ. 90 ಹರ್ಟ್ಜ್ ಫೋನು 30ಕ್ಕೆ ಸರಿ, 24ಕ್ಕೂ 25ಕ್ಕೂ ತಪ್ಪು. ನನ್ನನ್ನು ಕೇಳಿದರೆ, ಸಂಖ್ಯೆ ದೊಡ್ಡದಿದೆಯೇ ಎಂದು ನೋಡುವುದಕ್ಕಿಂತ ಅದು ನೀವು ನೋಡುವುದಕ್ಕೆ ಸಮನಾಗಿ ಹಂಚಿಕೆಯಾಗುತ್ತದೆಯೇ ಎಂದು ನೋಡುವುದು ಮೇಲು. ಏರುಪೇರಿಲ್ಲದ 24, ಏರುಪೇರಾದ 30ಕ್ಕಿಂತ ನಯವಾಗಿ ಕಾಣುತ್ತದೆ.

ಅರಸೀಕೆರೆಯ ಪ್ಲಾಟ್‌ಫಾರಂನಿಂದ

ನಿಂತ ಚಿತ್ರಗಳಿಂದ ಚಲನೆ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಲು ಅರಸೀಕೆರೆ ಜಂಕ್ಷನ್ ಸಾಕು. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನ, ಮೈಸೂರಿನ ಹಾದಿ ಕವಲಾಗುವ ಜಾಗ ಅದು. ನಡುವಿನ ಹಳಿಯಲ್ಲಿ ಗೂಡ್ಸ್ ಗಾಡಿ ಹೋಗುವಾಗ ವ್ಯಾಗನ್‌ಗಳ ಸಂದಿಯಲ್ಲಿ ಆಚೆ ಪ್ಲಾಟ್‌ಫಾರಂ ತುಣುಕು ತುಣುಕಾಗಿ ಕಾಣುತ್ತದೆ. ಗಾಡಿ ನಿಧಾನವಿದ್ದರೆ ಆಚೆಯ ಮನುಷ್ಯ ಇಲ್ಲಿದ್ದವನು ಅಲ್ಲಿಗೆ ಹಾರಿದ ಹಾಗಿರುತ್ತದೆ. ವೇಗ ಹೆಚ್ಚಿದಷ್ಟೂ ಅವನು ನಡೆಯುತ್ತಿದ್ದಾನೆ ಎಂದು ಅನ್ನಿಸುತ್ತದೆ.

ಸಂದಿಗಳ ಮೂಲಕ ಚಲನೆಯನ್ನು ನೋಡುವ ಈ ವಿಚಾರವನ್ನು ಲಂಡನ್ನಿನಲ್ಲಿ ವೈದ್ಯ ಪೀಟರ್ ಮಾರ್ಕ್ ರೊಜೆ 1824ರಲ್ಲಿ ರಾಯಲ್ ಸೊಸೈಟಿಯ ಮುಂದೆ ಇಟ್ಟ. ಬೇಲಿಯ ಕಂಬಿಗಳ ನಡುವಿನಿಂದ ನೋಡಿದರೆ ಉರುಳುವ ಚಕ್ರದ ಕಡ್ಡಿಗಳು ಬಾಗಿದಂತೆ ಕಾಣುವುದೇಕೆ ಎಂಬುದು ಅವನ ಪ್ರಶ್ನೆ. ಇಂಗ್ಲಿಷಿನ ಪ್ರಸಿದ್ಧ ಸಮಾನಾರ್ಥಕ ಪದಕೋಶದ ರೊಜೆ ಇವನೇ. 1832ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೋ ಸಂದಿಗಳಿರುವ ತಿರುಗುವ ತಟ್ಟೆಯ ಆಟಿಕೆಯನ್ನೇ ಮಾಡಿದ. ಆ ಮೇಲೆ ರೈಲೇ ಈ ಕಥೆಯೊಳಗೆ ಬಂತು. 1910ರಲ್ಲಿ ವಿಯೆನ್ನಾದಿಂದ ರಜೆಗೆಂದು ಹೊರಟ ಮ್ಯಾಕ್ಸ್ ವರ್ತೈಮರ್ ಎಂಬ ಮನೋವಿಜ್ಞಾನಿಗೆ ದಾರಿಯಲ್ಲಿ ಏನೋ ಹೊಳೆದು, ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಅಂಥದೇ ಒಂದು ಆಟಿಕೆ ಕೊಂಡು ಹೋಟೆಲ್ ಕೋಣೆಯಲ್ಲಿ ಪ್ರಯೋಗಕ್ಕೆ ಕೂತ. ಅವನ ಪ್ರಬಂಧ ಪ್ರಕಟವಾದದ್ದು 1912ರಲ್ಲಿ. ಎರಡು ಗೆರೆಗಳನ್ನು ಒಂದಾದ ಮೇಲೊಂದು ಬೆಳಗಿಸಿದರೆ, ನಡುವಿನ ಬಿಡುವು 200 ಮಿಲಿಸೆಕೆಂಡಿನಷ್ಟಿದ್ದಾಗ ಎರಡು ಬೇರೆ ಗೆರೆಗಳು ಕಾಣುತ್ತವೆ. 30ರ ಸುಮಾರಿಗೆ ಎರಡೂ ಒಟ್ಟಿಗೆ ಬೆಳಗಿದಂತೆ. 60ರ ಆಸುಪಾಸಿನಲ್ಲಿ ಮಾತ್ರ ಒಂದೇ ಗೆರೆ ಇಲ್ಲಿಂದ ಅಲ್ಲಿಗೆ ಸರಿದಂತೆ ಕಾಣುತ್ತದೆ. ಕಣ್ಣಿನಲ್ಲಿ ಹಳೆಯ ಚಿತ್ರ ಉಳಿದುಕೊಂಡಿರುವುದರಿಂದ ಸಿನಿಮಾ ಓಡುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದು ಪೂರ್ತಿ ಉತ್ತರವಲ್ಲ. ಹಳೆಯದು ಬರೇ ಉಳಿದರೆ ಚಿತ್ರಗಳು ಒಂದರ ಮೇಲೊಂದು ಕಲಸಿಹೋಗುತ್ತಿದ್ದವು. ಚಲನೆಯನ್ನು ಕಟ್ಟುವುದು ಮಿದುಳು.

ಆದರೆ ಮಿಣುಕು ಬೇರೆ ಸಂಗತಿ. ಚಲನೆಗೆ 24 ಸಾಕಾದರೂ ಸೆಕೆಂಡಿಗೆ 24 ಸಲ ಬೆಳಗಿ ಆರುವ ಪರದೆ ತಲೆನೋವು ತರುತ್ತದೆ. ಅದಕ್ಕೇ ಟೂರಿಂಗ್ ಟಾಕೀಸಿನ ಪ್ರೊಜೆಕ್ಟರಿನಲ್ಲೂ ಷಟರಿಗೆ ಎರಡು ರೆಕ್ಕೆ ಇರುತ್ತಿದ್ದವು. ಒಂದೇ ಫ್ರೇಮನ್ನು ಎರಡು ಸಲ ಮುಚ್ಚಿ ತೆರೆದು ಸೆಕೆಂಡಿಗೆ 48 ಮಿಂಚು ಮಾಡುತ್ತಿದ್ದವು. ಮೂರು ರೆಕ್ಕೆಯದಾದರೆ 72. ರಿಫ್ರೆಶ್ ರೇಟ್ ಎಂಬ ವಿಚಾರ ಫೋನಿನ ಡಬ್ಬಿಯ ಮೇಲೆ ಅಚ್ಚಾಗುವುದಕ್ಕೆ ಬಹಳ ಮುಂಚೆಯೇ ಟೆಂಟಿನೊಳಗೆ ಗರಗರ ಸದ್ದು ಮಾಡುತ್ತಿತ್ತು.

ಬೇಲೂರಿನ ಶಿಲ್ಪಿಯ ಐತಿಹ್ಯವನ್ನು ಹೇಳುವ ‘ಅಮರಶಿಲ್ಪಿ ಜಕಣಾಚಾರಿ’ ಈ ಟೆಂಟುಗಳನ್ನು ಹೊಕ್ಕದ್ದು 1964ರಲ್ಲಿ. ಬಿ.ಎಸ್. ರಂಗಾ ನಿರ್ದೇಶನ, ಕಲ್ಯಾಣ್‌ಕುಮಾರ್ ಜಕಣಾಚಾರಿ. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಶುರುವಾದ ಮೇಲೆ ಇಂಥ ಚಿತ್ರಗಳು ಮನೆಯೊಳಗೆ ಬಂದವು. ಬಂದದ್ದು ಸ್ವಲ್ಪ ಅವಸರದಲ್ಲಿ. 24ರ ಫಿಲ್ಮನ್ನು 25ರ ಪ್ರಸಾರಕ್ಕೆ ಹೊಂದಿಸುವ ಸುಲಭದ ದಾರಿಯೆಂದರೆ ಸೆಕೆಂಡಿಗೆ 25 ಫ್ರೇಮಿನಂತೆ ಓಡಿಸಿಬಿಡುವುದು. 50 ಹರ್ಟ್ಜ್ ದೇಶಗಳ ಟಿ.ವಿ.ಗಳೆಲ್ಲ ಮಾಡಿದ್ದು ಅದನ್ನೇ. ಎರಡೂವರೆ ಗಂಟೆಯ ಸಿನಿಮಾ 144 ನಿಮಿಷಕ್ಕೇ ಮುಗಿಯುತ್ತದೆ. ಧ್ವನಿಯನ್ನು ಬೇರೆಯಾಗಿ ತಿದ್ದದಿದ್ದರೆ ಶ್ರುತಿಯೂ ಏರುತ್ತದೆ: ಹಾರ್ಮೋನಿಯಂನಲ್ಲಿ ಬಿಳಿ ಒಂದರಿಂದ ಕಪ್ಪು ಒಂದಕ್ಕೆ ಇರುವ ಅಂತರದ ಮುಕ್ಕಾಲಿಗೆ ತುಸು ಕಡಿಮೆ. ಟಾಕೀಸಿನಲ್ಲಿ ಕೇಳಿದ ಹಾಡು ಟಿ.ವಿ.ಯಲ್ಲಿ ಬೇರೆ ಥರ ಕೇಳಿಸುತ್ತದೆ ಎಂದವರ ಕಿವಿ ಸರಿಯಾಗಿಯೇ ಇತ್ತು.

ದೂರದರ್ಶನದ 25 ಫ್ರೇಮಿನೊಳಗೆ ಇನ್ನೊಂದು ಗುಟ್ಟಿತ್ತು. ಪ್ರತಿ ಫ್ರೇಮನ್ನೂ ಬೆಸ ಗೆರೆಗಳು, ಸರಿ ಗೆರೆಗಳು ಎಂದು ಎರಡು ಪಾಲು ಮಾಡಿ ಒಂದಾದ ಮೇಲೊಂದು ಕಳಿಸುತ್ತಿದ್ದರು. ವಿಡಿಯೊ ಕ್ಯಾಮೆರಾ ಈ ಪಾಲುಗಳನ್ನು ಬೇರೆ ಬೇರೆ ಗಳಿಗೆಯಲ್ಲಿ ತೆಗೆಯುತ್ತಿದ್ದುದರಿಂದ ಚಲನೆ ಸೆಕೆಂಡಿಗೆ 50 ಸಲ ಹೊಸದಾಗುತ್ತಿತ್ತು. ಇದರ ಬೆಲೆ ತಿಳಿಯಲು ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಜಾವಗಲ್ಲಿನಲ್ಲಿ ಒಂದು ಗಳಿಗೆ ನಿಲ್ಲಬೇಕು. ಕ್ರಿಕೆಟಿಗ ಶ್ರೀನಾಥರ ಹೆಸರಿನ ಹಿಂದಿರುವ ಜಾವಗಲ್ ಇದೇ. 1996ರಲ್ಲಿ ಭಾರತಕ್ಕೆ 2 ಟೆಸ್ಟ್ ಆಡಿದ, 2024ರಲ್ಲಿ ತೀರಿಕೊಂಡ ಡೇವಿಡ್ ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ. ಒಂದೇ ತಾಲ್ಲೂಕಿನ ನಂಟಿರುವ ಇಬ್ಬರು ವೇಗದ ಬೌಲರ್‌ಗಳು! ಗಂಟೆಗೆ 150 ಕಿ.ಮೀ. ವೇಗದ ಚೆಂಡು ಸೆಕೆಂಡಿಗೆ ಸುಮಾರು 42 ಮೀಟರ್ ಹೋಗುತ್ತದೆ. 25 ಫ್ರೇಮಿನಲ್ಲಿ ನೋಡಿದರೆ ಪ್ರತಿ ಫ್ರೇಮಿಗೂ 1.67 ಮೀಟರಿನ ಹಾರಿಕೆ. ಕ್ರೀಸಿನಿಂದ ಕ್ರೀಸಿಗಿರುವ 17.68 ಮೀಟರನ್ನು ದಾಟುವಷ್ಟರಲ್ಲಿ ಹತ್ತು ಸಲ ಕಾಣಿಸಿದರೆ ಹೆಚ್ಚು. 50ರಲ್ಲಿ ಇಪ್ಪತ್ತೊಂದು ಸಲ. ಎಲ್‌ಬಿಡಬ್ಲ್ಯು ಕೊಡಬೇಕಿತ್ತು, ಬೇಡವಾಗಿತ್ತು ಎಂದು ಟಿ.ವಿ. ಮುಂದೆ ಜಗಳವಾಡಿದವರು ಜಗಳವಾಡುತ್ತಿದ್ದದ್ದು ಆ ಇಪ್ಪತ್ತೊಂದು ಚುಕ್ಕೆಗಳ ಬಗ್ಗೆ. ಈಗಿನ ಮರುಪರಿಶೀಲನೆಯ ಕ್ಯಾಮೆರಾಗಳು ಸೆಕೆಂಡಿಗೆ ನೂರಾರು ಫ್ರೇಮ್ ತೆಗೆಯುವುದು ಅದಕ್ಕೇ.

ನಿಂತ ಚಿತ್ರ, ಓಡುವ ಕಣ್ಣು

ಹಳೆಯ ಡಬ್ಬಾ ಟಿ.ವಿ.ಯಲ್ಲಿ ವಾರ್ತೆಯ ಕೆಳಗೆ ಓಡುವ ಅಕ್ಷರಗಳು ಸ್ಪಷ್ಟವಾಗಿದ್ದವು, ಅದಕ್ಕಿಂತ ಎಷ್ಟೋ ದುಬಾರಿಯಾದ ಚಪ್ಪಟೆ ಟಿ.ವಿ.ಯಲ್ಲಿ ಮಸುಕು. ಇದು ಭ್ರಮೆಯಲ್ಲ. ಹಳೆಯ ಚಿತ್ರನಳಿಕೆಯ ಪರದೆಯಲ್ಲಿ ಪ್ರತಿ ಚುಕ್ಕೆಯೂ ಒಂದೆರಡು ಮಿಲಿಸೆಕೆಂಡ್ ಹೊಳೆದು ಆರಿಹೋಗುತ್ತಿತ್ತು. ಎಲ್‌ಸಿಡಿ, ಒಎಲ್‌ಇಡಿ ಪರದೆಗಳು ಮುಂದಿನ ಚಿತ್ರ ಬರುವವರೆಗೂ ಈಗಿನದನ್ನು ಹಾಗೇ ಹಿಡಿದು ನಿಲ್ಲಿಸುತ್ತವೆ. ಓದುವವನ ಕಣ್ಣು ನಿಲ್ಲುವುದಿಲ್ಲ, ಅಕ್ಷರದ ಜೊತೆ ಒಂದೇ ಸಮನೆ ಸರಿಯುತ್ತಿರುತ್ತದೆ. ನಿಂತ ಅಕ್ಷರದ ಮೇಲೆ ಓಡುವ ಕಣ್ಣು ಹಾಯ್ದಾಗ ಅಕ್ಷರ ರೆಟಿನಾದ ಮೇಲೆ ಉದ್ದಕ್ಕೆ ಸವರಿಹೋಗುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ವೇಗದಲ್ಲಿ ಓಡುವ ಸಾಲು 60 ಚಿತ್ರಗಳಲ್ಲಿ ಬಂದರೆ 16 ಪಿಕ್ಸೆಲ್ ಅಗಲದ ಮಸುಕು, 120ರಲ್ಲಿ ಬಂದರೆ 8.

ಇಂಗ್ಲಿಷ್ ಅಕ್ಷರಕ್ಕಿಂತ ನಮ್ಮ ಲಿಪಿಗೆ ಇದರ ಪೆಟ್ಟು ಜಾಸ್ತಿ. ಸಾಲಿನ ಕೆಳಗೆ ಸಣ್ಣದಾಗಿ ಕೂತ ಒತ್ತಕ್ಷರದ ಒಳಗಿನ ಸಂದು ಕೆಲವೇ ಪಿಕ್ಸೆಲ್‌ನದು, 16 ಪಿಕ್ಸೆಲ್ ಸವರಿದರೆ ತಕಾರದ ಒತ್ತೂ ನಕಾರದ ಒತ್ತೂ ಒಂದೇ ಗುಪ್ಪೆ. 50 ಪಾಲುಗಳಲ್ಲಿ ಬಂದ ಅದೇ ವಾರ್ತೆಯನ್ನು 25 ಫ್ರೇಮ್ ಮಾಡಿ ಮೊಬೈಲಿಗೆ ಕಳಿಸಿದರೆ ಸಾಲು ಓಡುವುದೂ ಇಲ್ಲ, ಎಗರುತ್ತದೆ. ಫೋನಿನಲ್ಲಿ ಪತ್ರಿಕೆ ಓದುವವರಿಗೆ 90 ಅಥವಾ 120 ಹರ್ಟ್ಜ್ ನಿಜವಾಗಿ ಉಪಕಾರಿಯಾಗುವುದು ಇಲ್ಲಿ: ಪುಟ ಸರಿಯುತ್ತಿರುವಾಗಲೂ ಓದಬಹುದು.

ಹಳೇಬೀಡಿನಿಂದ 16 ಕಿ.ಮೀ. ದೂರದ ಬೇಲೂರಿನಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯೊಳಗೆ, ಸಮಸ್ಯೆ ತಲೆಕೆಳಗಾಗುತ್ತದೆ. ನವರಂಗದಲ್ಲಿ ಬೆಳಕು ಕಡಿಮೆ. ಫೋನು ಷಟರನ್ನು ಸಾಧ್ಯವಾದಷ್ಟು ಹೊತ್ತು ತೆರೆದಿಡುತ್ತದೆ. ಕೆಲವು ಫೋನುಗಳು ಕೇಳದೆಯೇ 30 ಫ್ರೇಮನ್ನು 24ಕ್ಕೆ ಇಳಿಸುತ್ತವೆ. ಭುವನೇಶ್ವರಿಯನ್ನು, ಅಂದರೆ ಕೆತ್ತಿದ ಚಾವಣಿಯನ್ನು, ಚಿತ್ರಿಸಲು ಕೈ ಮೇಲೆತ್ತಿ ತಿರುಗಿಸಿದರೆ ಕಲ್ಲೆಲ್ಲ ಮಸುಕು. ಅದರ ಜೊತೆಗೆ ದೀಪದ ಕಾಟ. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗದು, ಕ್ಯಾಮೆರಾಗೆ ಗೊತ್ತಾಗುತ್ತದೆ. ಷಟರ್ 60ರಲ್ಲೊಂದು ಸೆಕೆಂಡಿದ್ದರೆ ಒಂದು ಫ್ರೇಮಿಗೆ ಒಂದೂ ಮುಕ್ಕಾಲಿಗೆ ಹತ್ತಿರದಷ್ಟು ಮಿಣುಕು ಸಿಗುತ್ತದೆ. ಒಂದಕ್ಕೆ ಹೆಚ್ಚು ಇನ್ನೊಂದಕ್ಕೆ ಕಡಿಮೆಯಾಗಿ ಕಪ್ಪು ಪಟ್ಟೆಗಳು ಕಂಬದ ಮೇಲೆ ತೇಲುತ್ತವೆ. 50ರಲ್ಲೊಂದು ಅಥವಾ 100ರಲ್ಲೊಂದಕ್ಕೆ ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡೋ ಒಂದೋ ಮಿಣುಕು, ಪಟ್ಟೆ ಮಾಯ. ಅಂದಹಾಗೆ, ಇಲ್ಲಿಯ ನರಸಿಂಹ ಕಂಬ ಒಂದು ಕಾಲದಲ್ಲಿ ತಿರುಗುತ್ತಿತ್ತು ಎಂಬ ಪ್ರತೀತಿಯಿದೆ. ಈಗ ವಿಡಿಯೊದಲ್ಲಿ ತಿರುಗಿದಂತೆ ಕಂಡರೆ ಅದು ಈ ಪಟ್ಟೆಗಳ ಕೆಲಸ.

ಯಂತ್ರ ಬರೆದ ಫ್ರೇಮುಗಳು

ಹಳೆಯ ಸಿನಿಮಾವನ್ನು ಹೊಸ ಟಿ.ವಿ.ಯಲ್ಲಿ ಹಾಕಿದಾಗ ‘ಇದೇನು, ಧಾರಾವಾಹಿ ಥರ ಕಾಣುತ್ತಲ್ಲ’ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಅವರನ್ನು ತಳ್ಳಿಹಾಕಬೇಡಿ. ಟಿ.ವಿ. ಎರಡು ಫ್ರೇಮುಗಳ ನಡುವೆ ತಾನೇ ಊಹಿಸಿ ಹೊಸ ಫ್ರೇಮು ಬರೆದು ತುಂಬುತ್ತಿದೆ. ಯಂತ್ರವೇನೋ ಕುಲುಕಾಟ ತೆಗೆಯುತ್ತದೆ. ಆದರೆ ನಮ್ಮ ಕಣ್ಣು ದೂರದರ್ಶನದ ಕಾಲದಿಂದಲೇ ಒಂದು ಪಾಠ ಕಲಿತಿದೆ: ಸೆಕೆಂಡಿಗೆ 50ರಂತೆ ನಯವಾಗಿ ಓಡಿದರೆ ವಾರ್ತೆ, ಕ್ರಿಕೆಟ್ಟು, ಧಾರಾವಾಹಿ, 24ರ ಸಣ್ಣ ಕುಲುಕಾಟ ಇದ್ದರೆ ಸಿನಿಮಾ. 2012ರಲ್ಲಿ ‘ದಿ ಹಾಬಿಟ್’ ಚಿತ್ರವನ್ನು 48 ಫ್ರೇಮಿನಲ್ಲಿ ತೋರಿಸಿದಾಗ ಎಷ್ಟೋ ಜನ ನೋಡಲಾರದೆ ಒದ್ದಾಡಿದ್ದು ಈ ಪಾಠದಿಂದ. 2018ರಲ್ಲಿ ನಟ ಟಾಮ್ ಕ್ರೂಸ್ ಕ್ಯಾಮೆರಾ ಮುಂದೆ ನಿಂತು, ದಯವಿಟ್ಟು ಟಿ.ವಿ.ಯಲ್ಲಿ ಈ ಫ್ರೇಮು ತುಂಬುವುದನ್ನು ಆರಿಸಿ ಎಂದು ಕೇಳಿಕೊಂಡದ್ದೂ ಇದಕ್ಕೇ.

ಈಗ ಹಳೆಯ ಕನ್ನಡ ಹಾಡುಗಳನ್ನು ಕೃತಕ ಬುದ್ಧಿಮತ್ತೆಯಿಂದ 60 ಫ್ರೇಮ್ ಮಾಡಿ ಯೂಟ್ಯೂಬಿಗೆ ಹಾಕುವವರಿದ್ದಾರೆ. ಇದು ನನಗೆ ಒಗ್ಗದ ಕೆಲಸ. 24 ಮತ್ತು 60 ಕಾಲದಲ್ಲಿ ಸರಿಯಾಗಿ ಸಂಧಿಸುವುದು ಸೆಕೆಂಡಿಗೆ 12 ಸಲ ಮಾತ್ರ. ಹಾಗಾಗಿ 60 ಫ್ರೇಮುಗಳಲ್ಲಿ ಛಾಯಾಗ್ರಾಹಕ ತೆಗೆದದ್ದು 12, ಉಳಿದ 48 ಯಂತ್ರದ ಊಹೆ. ಅವನು ತೆಗೆದ ಇನ್ನು 12 ಚಿತ್ರಗಳು ಆ ಊಹೆಯಲ್ಲಿ ಕರಗಿಹೋಗುತ್ತವೆ. ನೇರವಾಗಿ ಸಾಗುವ ಗಾಡಿಗೆ ಊಹೆ ನಡೆಯುತ್ತದೆ. ನಾಟ್ಯಕ್ಕೆ ನಡೆಯುವುದಿಲ್ಲ. ಹಸ್ತವೊಂದು ಬಿಚ್ಚಿ ಇನ್ನೊಂದು ಕೂಡುವ ನಡುಗಳಿಗೆಯಲ್ಲಿ ಬೆರಳುಗಳು ಅಂಟಿಕೊಳ್ಳುತ್ತವೆ, ಬಳೆ ಕೈಯನ್ನು ಬಿಟ್ಟು ತೇಲುತ್ತದೆ. ನಿಲ್ಲಿಸಿ ಒಂದೊಂದೇ ಫ್ರೇಮ್ ನೋಡಿದರೆ ತಿಳಿಯುತ್ತದೆ.

ಟಿ.ವಿ.ಯಲ್ಲಿ ಹೀಗೆ ಫ್ರೇಮು ತುಂಬುವುದನ್ನು ಆರಿಸುವ ಗುಂಡಿಗೆ ಒಬ್ಬೊಬ್ಬರದು ಒಂದೊಂದು ಹೆಸರು. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನ ಹಿಂದಿನ ಟಿ.ವಿ.ಗಳಲ್ಲಿ ಆಟೊ ಮೋಷನ್ ಪ್ಲಸ್. 2020ರಿಂದೀಚೆಗೆ ಬಂದ ಹಲವು ಟಿ.ವಿ.ಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಎಂಬುದಿದೆ, ಅದನ್ನು ಒತ್ತಿದರೆ ಎಲ್ಲ ಒಟ್ಟಿಗೆ ಆರುತ್ತದೆ. ಕ್ರಿಕೆಟ್ ನೋಡುವಾಗ ಬೇಕಿದ್ದವರು ಮತ್ತೆ ಹಾಕಿಕೊಳ್ಳಬಹುದು. ಒಂದು ವಿಷಯ ಗಮನದಲ್ಲಿರಲಿ: ಕೆಲವು ಟಿ.ವಿ.ಗಳಲ್ಲಿ ಈ ಬದಲಾವಣೆ ಆಗ ನೋಡುತ್ತಿದ್ದ ಎಚ್‌ಡಿಎಂಐ ಕಿಂಡಿಗೆ ಮಾತ್ರ ಅನ್ವಯಿಸುತ್ತದೆ. ಸೆಟ್‌ಟಾಪ್ ಬಾಕ್ಸಿನ ಕಿಂಡಿಯಲ್ಲಿ ಆರಿಸಿ, ಸಿನಿಮಾವನ್ನು ಟಿ.ವಿ.ಯೊಳಗಿನ ಆಪ್‌ನಲ್ಲಿ ನೋಡಿದರೆ ಅಲ್ಲಿ ಅದು ಇನ್ನೂ ಚಾಲೂ ಇರುತ್ತದೆ.